ಟಿಪ್ಪು ಸುಲ್ತಾನನ ಆಯುಧಶಾಲೆ

ಟಿಪ್ಪು ಸುಲ್ತಾನನನ್ನು ಕುರಿತು ಬರೆಯಹೊರಟವನಿಗೆ ಎರಡು ಅಂಜಿಕೆಗಳು. ಹೇಳಬೇಕಾದುದೆಲ್ಲವನ್ನೂ ಹಿರಿಯರು ಈಗಾಗಲೇ ಹೇಳಿಬಿಟ್ಟಿದ್ದಾರೆಂಬುದು ಒಂದು. ಏನು ಹೇಳಿದರೂ ಕೇಳುವವರು ಮೊದಲೇ ಎರಡು ಪಕ್ಷವಾಗಿ ಕುಳಿತಿರುತ್ತಾರೆಂಬುದು ಇನ್ನೊಂದು. ಆದರೂ ಆತನ ಬಾಳಿನ ಒಂದು ಮುಖವನ್ನು ನಮ್ಮ ಪಠ್ಯಪುಸ್ತಕಗಳು ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಆತನು ಅರಸನೂ ಸೇನಾಪತಿಯೂ ಆಗಿದ್ದಂತೆಯೇ, ಆಯುಧಗಳನ್ನು ಮಾಡಿಸಿ ಪರೀಕ್ಷಿಸುವ ಹುಚ್ಚುಳ್ಳವನೂ ಆಗಿದ್ದನು. ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಆ ಮುಖವೇ ಹೆಚ್ಚು ಕುತೂಹಲಕರವಾಗಿ ತೋರಿದುದರಿಂದ ಈ ಲೇಖನಕ್ಕೆ ಕೈಹಾಕಿದ್ದೇನೆ.

ಮೊದಲು ಕೋವಿಯ ಒಂದು ಮೂಲ ತೊಡಕನ್ನು ಹೇಳಬೇಕು. ನಮ್ಮ ಕುಕ್ಕುಂದೂರಿನ ಕಡೆ ಹಂದಿಗಳ ಕಾಟದಿಂದ ಬೆಳೆಯನ್ನು ಕಾಯಲು ಪರವಾನಗಿ ಪಡೆದು ಇಟ್ಟುಕೊಂಡ ಹಳೆಯ ಕೇಪಿನ ಕೋವಿಯನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು. ನಾರು ತುರುಕಿ ಗಜದಿಂದ ಜಡಿಯಬೇಕು. ಗುಂಡು ಹಾಕಿ ಮತ್ತೆ ಜಡಿಯಬೇಕು. ಹಿಂದುಗಡೆ ಕೇಪು ಸಿಕ್ಕಿಸಬೇಕು. ಒಂದು ಈಡು ಗುರಿ ತಪ್ಪಿತೆಂದರೆ, ಎರಡನೆಯದು ಸಿದ್ಧವಾಗುವಷ್ಟರಲ್ಲಿ ಹಂದಿ ಗದ್ದೆ ದಾಟಿ ಹಾಡಿ ಸೇರಿರುತ್ತದೆ. ತೋಟೆ ಕೋವಿಯಲ್ಲಿ ಈ ಕಷ್ಟವಿಲ್ಲ. ಅಲ್ಲಿ ಮದ್ದು, ಗುಂಡು, ಕೇಪು ಮೂರೂ ಒಂದೇ ಕವಚದೊಳಗೆ ಅಡಗಿವೆ. ಆದರೆ ಹೊಡೆದ ಮೇಲೆ ಬರಿಯ ಕವಚ ಹಿಂದೆ ಉಳಿಯುತ್ತದೆ. ಅದನ್ನು ಹೊರಗೆಳೆಯಬೇಕು, ಅದಕ್ಕೆ ತೂಕವೂ ಉಂಟು, ಬೆಲೆಯೂ ಉಂಟು. ಕವಚವೇ ಇಲ್ಲದೆ, ಗುಂಡೇ ತನ್ನ ಮದ್ದನ್ನು ತಾನು ಹೊತ್ತು ಹಾರುವಂತೆ ಮಾಡಲಾಗದೆ ಎಂಬ ಪ್ರಶ್ನೆ ಕೋವಿ ಮಾಡುವವರನ್ನು ಬಹುಕಾಲ ಕಾಡಿದೆ.

ಅಮೆರಿಕದ ವಾಲ್ಟರ್ ಹಂಟ್ ಎಂಬವನು 1848ರಲ್ಲಿ ಗುಂಡಿನ ಹಿಂಬದಿಯನ್ನು ಟೊಳ್ಳುಮಾಡಿ ಅದರೊಳಗೇ ಮದ್ದು ತುಂಬಿದನು. ಮುಂದೆ 1850ರ ದಶಕದಲ್ಲಿ ವೋಲ್ಕ್ಯಾನಿಕ್ ಎಂಬ ಪಿಸ್ತೂಲು ಇದೇ ಬಗೆಯ ಗುಂಡನ್ನು ಬಳಸಿತು. ಗುಂಡಿನ ಹೊಟ್ಟೆಯಲ್ಲಿ ಹಿಡಿಯುವ ಮದ್ದು ಅತ್ಯಲ್ಪವಾದುದರಿಂದ ಅದರ ಏಟಿಗೆ ಬಲವಿರಲಿಲ್ಲ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ಜೈರೋಜೆಟ್ ಎಂಬ ಪಿಸ್ತೂಲು ಹುಟ್ಟಿತು. ಅದರ ಗುಂಡು 13 ಮಿಲಿಮೀಟರ್ ದಪ್ಪದ ಒಂದು ಪುಟ್ಟ ರಾಕೆಟ್ಟೇ ಆಗಿತ್ತು. ಬಾಯಿಂದ ಹೊರಡುವಾಗ ಬಲು ನಿಧಾನ. ದೂರ ಹೋದಂತೆ ವೇಗ. ಹತ್ತಿರದ ಶತ್ರುವಿಗೆ ಅದು ಸರಿಯಾಗಿ ತಾಗದು, ದೂರದ ಗುರಿಯೂ ನೆಚ್ಚುವಂತಿರಲಿಲ್ಲ. ಅನಂತರ ಜರ್ಮನರು ಕವಚವಿಲ್ಲದ ತೋಟೆಯ ಬಂದೂಕವೊಂದನ್ನು ವರ್ಷಾನುವರ್ಷ ತಿದ್ದಿದರು. ಹಿತ್ತಾಳೆಯ ಕವಚವು ಬಿಸಿಯನ್ನು ತನ್ನೊಡನೆ ಹೊರಗೆ ಒಯ್ಯುತ್ತಿತ್ತು, ಹಿಂಬದಿಯಿಂದ ಉರಿಗಾಳಿ ಸೋರದಂತೆ ಬಿಗಿಯುತ್ತಿತ್ತು. ಅದಿಲ್ಲವಾದಾಗ ಕಾದ ನಳಿಗೆಯಲ್ಲಿ ಗುಂಡು ತಾನಾಗಿಯೇ ಸಿಡಿಯುವ ಅಪಾಯ ಎದುರಾಯಿತು. ಈ ಪ್ರಯೋಗಗಳಲ್ಲಿ ರಾಕೆಟ್ ಪಿಸ್ತೂಲಿನ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ನಡೆದರೆ, ದಾರಿ ಬೇರೆಲ್ಲಿಯೂ ನಿಲ್ಲದೆ ಶ್ರೀರಂಗಪಟ್ಟಣಕ್ಕೆ ಬಂದು ನಿಲ್ಲುತ್ತದೆ.

ಟಿಪ್ಪುವು ಹುಟ್ಟಿದುದು 1750ರ ನವೆಂಬರ್ 20ರಂದು, ದೇವನಹಳ್ಳಿಯಲ್ಲಿ. ತಂದೆ ಹೈದರಾಲಿ ಆಗ ಮೈಸೂರು ಅರಸರ ಸೇವೆಯಲ್ಲಿದ್ದ ಒಬ್ಬ ಸೈನಿಕ. ಮದ್ದಿನ ವಾಸನೆ ಈ ಮನೆತನಕ್ಕೆ ಹೊಸತಲ್ಲ. ಅಜ್ಜ ಫತೇ ಮಹಮ್ಮದನು ಆರ್ಕಾಟಿನ ನವಾಬನ ಸೈನ್ಯದಲ್ಲಿ ಬಾಣಗಾರರ ಒಂದು ಸಣ್ಣ ತುಕಡಿಗೆ ನಾಯಕನಾಗಿದ್ದನು. ಬಾಣವೆಂದರೆ ಇಲ್ಲಿ ಬಿಲ್ಲಿನ ಬಾಣವಲ್ಲ. ಮದ್ದು ತುಂಬಿ ಬೆಂಕಿಹಚ್ಚಿ ಬಿಡುವ, ನಾವಿಂದು ರಾಕೆಟ್ ಎನ್ನುವ ಅಸ್ತ್ರ. ಓದುಬರಹ ಬಾರದ ಹೈದರನು ಮಗನಿಗೆ ಮಾತ್ರ ಭಾಷೆ, ಧರ್ಮಶಾಸ್ತ್ರ, ಕುದುರೆ ಸವಾರಿ, ಆಯುಧವಿದ್ಯೆ ಎಲ್ಲವನ್ನೂ ಕಲಿಸಿದನು. ಹದಿನೇಳನೆಯ ವಯಸ್ಸಿನಲ್ಲಿಯೇ ಟಿಪ್ಪುವು ಮೊದಲನೆಯ ಮೈಸೂರು ಯುದ್ಧದಲ್ಲಿ ಕುದುರೆ ಪಡೆಯೊಂದನ್ನು ಮದರಾಸಿನ ಹೊರವಲಯದವರೆಗೆ ನಡೆಸಿದನು.

ಅಷ್ಟರಲ್ಲಿ ನಮ್ಮ ಸೀಮೆಗೂ ಈ ಮನೆತನಕ್ಕೂ ಸಂಬಂಧ ಬೆಳೆದಿತ್ತು. 1763ರಲ್ಲಿ ಹೈದರನು ರಾಣಿ ವೀರಮ್ಮಾಜಿಯ ಕೈಯಿಂದ ಬಿದನೂರನ್ನು ಗೆದ್ದನು. ಕೆಳದಿ ಅರಸರ ಆಳಿಕೆಯಲ್ಲಿದ್ದ ಘಟ್ಟದ ಕೆಳಗಿನ ನಾಡೂ ಅದರೊಂದಿಗೆ ಮೈಸೂರಿಗೆ ಸೇರಿತು. ಬಿದನೂರು ಹೈದರನಗರವಾಯಿತು, ಈಗ ನಾವು ನಗರ ಎಂದು ಕರೆಯುವ ಊರು ಅದೇ. ಮಂಗಳೂರು ಮೈಸೂರಿನ ಬಂದರಾಯಿತು.

1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಇಂಗ್ಲಿಷ್ ಸೈನ್ಯವನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದರು. ಹೋರಾಟದ ನಡುವೆ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದುವು, ಸೈನ್ಯ ನುಚ್ಚುನೂರಾಯಿತು. ಭಾರತದಲ್ಲಿ ಇಂಗ್ಲಿಷರು ಅದುವರೆಗೆ ಉಂಡ ಸೋಲುಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಈ ಕದನದ ಚಿತ್ರವನ್ನು ಇಂದಿಗೂ ನೋಡಬಹುದು.

ಈ ಯುದ್ಧಗಳಲ್ಲಿ ಮೈಸೂರಿನವರು ಬಳಸಿದ ಬಾಣದ ವಿಶೇಷವು ಅದರ ನಳಿಗೆಯಲ್ಲಿದೆ. ಯುರೋಪಿನವರು ಬಾಣಗಳಿಗೆ ಕಾಗದದ ರಟ್ಟಿನ ನಳಿಗೆಗಳನ್ನು ಬಳಸುತ್ತಿದ್ದರು. ಮದ್ದನ್ನು ಬಿಗಿಯಾಗಿ ತುಂಬಿದರೆ ರಟ್ಟು ಒಡೆಯುತ್ತದೆ; ಸಡಿಲವಾಗಿ ತುಂಬಿದರೆ ಬಾಣ ದೂರ ಹೋಗುವುದಿಲ್ಲ. ಮೈಸೂರಿನ ಕಮ್ಮಾರರು ನಳಿಗೆಯನ್ನು ಕಬ್ಬಿಣದಲ್ಲಿ ಮಾಡಿದರು. ಒಂದು ಗೇಣು ಉದ್ದ, ಒಂದೂವರೆಯಿಂದ ಎರಡೂಕಾಲು ಅಂಗುಲದಷ್ಟು ದಪ್ಪ. ಒಂದು ತುದಿ ಮುಚ್ಚಿದ್ದು, ಇನ್ನೊಂದರಲ್ಲಿ ಉರಿ ಹೊರಬೀಳಲು ರಂಧ್ರ. ಅದನ್ನು ತೊಗಲಿನ ಪಟ್ಟಿಯಿಂದ ಬಿದಿರ ಗಳಕ್ಕೋ ಕತ್ತಿಯ ಅಲಗಿಗೋ ಬಿಗಿಯುತ್ತಿದ್ದರು. ಗಳವು ಹಾರುವಾಗ ಬಾಣದ ದಿಕ್ಕನ್ನು ಹಿಡಿಯುತ್ತಿತ್ತು. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಾಳುವುದರಿಂದ ಬಾಣವು ಮೈಲಿಗೂ ಮೀರಿ ಹಾರುತ್ತಿತ್ತು. ಭಾರವಾದ ಫಿರಂಗಿಯನ್ನು ಎತ್ತುಗಳು ಎಳೆಯಬೇಕು. ಬಾಣವನ್ನು ಒಬ್ಬಾಳು ಹೆಗಲಮೇಲೆ ಹೊತ್ತು ಬೆಟ್ಟ ಹತ್ತಬಲ್ಲನು. ಗುಂಡು, ಮದ್ದು, ಕವಚ ಎಲ್ಲವೂ ಒಂದಾಗಿ ಹಾರಿಹೋಗುವುದರಿಂದ ಹಿಂದೆ ಉಳಿಯುವುದು ಹೊಗೆಯೊಂದೇ. ಟಿಪ್ಪುವಿನ ಸೇನಾ ನಿಬಂಧನೆಯ ಗ್ರಂಥವಾದ ಫತಹುಲ್ ಮುಜಾಹಿದೀನ್ ಪ್ರತಿಯೊಂದು ಕುಷೂನ್ ಅಂದರೆ ದಳಕ್ಕೂ 200 ಮಂದಿ ಬಾಣಗಾರರನ್ನು ಗೊತ್ತುಮಾಡಿತ್ತು.

1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಪಟ್ಟಕ್ಕೆ ಬಂದ ಟಿಪ್ಪುವಿನ ಮೊದಲ ಪರೀಕ್ಷೆ ನಮ್ಮ ನಾಡಿನಲ್ಲೇ ನಡೆಯಿತು. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸನು ಬಿದನೂರನ್ನು ಹಿಡಿದನು. ಕೆಲವು ತಿಂಗಳಲ್ಲೇ ಟಿಪ್ಪು ಅದನ್ನು ಮರಳಿ ಪಡೆದು, ಘಟ್ಟವಿಳಿದು ಮಂಗಳೂರನ್ನು ಮುತ್ತಿದನು. ಮಳೆಗಾಲವೂ ಕಳೆಯಿತು, ಚಳಿಗಾಲವೂ ಬಂತು. ಕೋಟೆಯೊಳಗಿನವರು ಹಸಿವಿನಿಂದ ಸೊರಗಿ 1784ರ ಜನವರಿ ಕೊನೆಯಲ್ಲಿ ಶರಣಾದರು. ಮಾರ್ಚ್ 11ರಂದು ಮಂಗಳೂರಿನ ಕೌಲು ಆಯಿತು. ಗೆದ್ದ ಅರಸನ ಬಾಗಿಲಿಗೆ ಇಂಗ್ಲಿಷರ ನಿಯೋಗಿಗಳು ಬಂದು ಸಂಧಿ ಬೇಡಿದುದು ಅಪರೂಪದ ಸಂಗತಿ.

ಅದೇ ವರ್ಷದ ಇನ್ನೊಂದು ಸಂಗತಿಯನ್ನು ಇಲ್ಲಿಂದ ಬರೆಯುವವನು ಬಿಟ್ಟುಬಿಡುವಂತಿಲ್ಲ. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪುವು ಕೆನರಾದ ಕ್ರೈಸ್ತರನ್ನು ಸಾವಿರಾರು ಸಂಖ್ಯೆಯಲ್ಲಿ ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದನು. ಇಗರ್ಜಿಗಳು ನೆಲಸಮವಾದುವು. ದಾರಿಯಲ್ಲಿ ಸತ್ತವರೆಷ್ಟೋ, ಸೆರೆಯಲ್ಲಿ ಬಲಾತ್ಕಾರದ ಮತಾಂತರಕ್ಕೆ ಈಡಾದವರೆಷ್ಟೋ. ನಮ್ಮ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯ ಸಭೆಯವರೂ ಆ ಸಾಲಿನಲ್ಲಿ ಘಟ್ಟ ಹತ್ತಿದರು. ಉಳಿದವರು ಊರಿಗೆ ಮರಳಿದುದು 1799ರ ಬಳಿಕವೇ. ಇಂದು ಅತ್ತೂರಿನ ಜಾತ್ರೆಗೆ ನಾವೆಲ್ಲ ಜಾತಿಮತಗಳ ಭೇದವಿಲ್ಲದೆ ಹೋಗುತ್ತೇವೆ. ಆ ಇಗರ್ಜಿಯ ಕಥೆಯಲ್ಲಿ ಹದಿನೈದು ವರ್ಷಗಳ ಒಂದು ಬರಿದು ಪುಟವಿದೆಯೆಂಬುದನ್ನು ಬಲ್ಲವರು ಕಡಿಮೆ. ಬಾಣದ ಹೊಗಳಿಕೆಯು ಈ ಪುಟವನ್ನು ಮುಚ್ಚಬಾರದು.

ಮುಂದಿನ ವರ್ಷಗಳಲ್ಲಿ ಟಿಪ್ಪುವು ತನ್ನ ಗಮನವನ್ನು ಕಾರ್ಖಾನೆಗಳ ಕಡೆ ಹರಿಸಿದನು. 1788ರಲ್ಲಿ ಆತನ ರಾಯಭಾರಿಗಳು ಫ್ರಾನ್ಸಿನ ಹದಿನಾರನೆಯ ಲೂಯಿಯ ಸನ್ನಿಧಿಗೆ ಹೋದರು. ಸೈನ್ಯದ ನೆರವು ದೊರೆಯಲಿಲ್ಲ. ಆದರೆ ಅವರು ಮರಳುವಾಗ ಕುಶಲ ಕೆಲಸಗಾರರನ್ನು ಕರೆತಂದರು. ಶ್ರೀರಂಗಪಟ್ಟಣದಲ್ಲಿ ಚಕಮಕಿ ಕಲ್ಲಿನ ಕೋವಿಗಳೂ ಪಿಸ್ತೂಲುಗಳೂ ತಯಾರಾದುವು. ನಳಿಗೆಯ ಬಾಯಿ ಹುಲಿಯ ಮುಖ. ಮೈಮೇಲೆ ಹುಲಿಯ ಪಟ್ಟೆ. ಮಾಡಿದವನ ಹೆಸರು, ಊರಿನ ಹೆಸರು, ಟಿಪ್ಪುವೇ ಬಳಕೆಗೆ ತಂದ ಮೌಲೂದಿ ಶಕದ ವರ್ಷ. ಆ ವರ್ಷದ ಅಂಕೆಗಳನ್ನೂ ಬಲದಿಂದ ಎಡಕ್ಕೆ ಬರೆಯಿಸಿದನು! ವಿದೇಶೀ ಮಾದರಿಯನ್ನು ನೋಡಿ ನಕಲು ಮಾಡಿಸಿದರೆ ಆತನಿಗೆ ತೃಪ್ತಿಯಿರಲಿಲ್ಲ. ಪ್ರತಿಯೊಂದರಲ್ಲಿಯೂ ಏನಾದರೊಂದು ಬದಲಾವಣೆ ಆಗಲೇಬೇಕು.

ಆತನ ಸ್ವಂತ ಆಯುಧಶಾಲೆಯ ಒಂದು ಬೇಟೆಯ ಕೋವಿಯಲ್ಲಿ ಒಂದೇ ನಳಿಗೆಗೆ ಎರಡು ಈಡುಗಳನ್ನು ಒಂದರ ಮೇಲೊಂದು ತುಂಬುವ ಏರ್ಪಾಡಿದೆ. ಮುಂದಿನ ಈಡು ಮೊದಲು ಹಾರಬೇಕು, ಹಿಂದಿನದು ಅನಂತರ. ನಡುವಿನ ಬಿಗಿತ ಸ್ವಲ್ಪ ಸಡಿಲವಾದರೂ ಬೆಂಕಿ ಹಿಂದಕ್ಕೆ ನುಸುಳಿ ಎರಡೂ ಒಮ್ಮೆಗೇ ಸಿಡಿಯುತ್ತವೆ. ನಳಿಗೆ ಒಡೆದು ಹಿಡಿದವನ ಕೈ ಹೋಗುತ್ತದೆ. ಜರ್ಮನರನ್ನು ಇನ್ನೂರು ವರ್ಷಗಳ ತರುವಾಯ ಕಾಡಿದ ಪ್ರಶ್ನೆಯೂ ಇದರ ಒಡಹುಟ್ಟೇ: ಕವಚವಿಲ್ಲದಾಗ ಬೆಂಕಿಯನ್ನು ಅದರ ಎಡೆಯಲ್ಲಿ ಕಟ್ಟಿಹಾಕುವುದು ಹೇಗೆ? ಶ್ರೀರಂಗಪಟ್ಟಣದ ಕೆಲಸಗಾರನು ಇದಕ್ಕೆ ಕೈಯ ನಾಜೂಕಿನಿಂದಲೇ ಉತ್ತರ ಹುಡುಕಿದನು.

ಆದರೆ ಕಾಲವು ಆತನಿಗೆ ಬಿಡುವು ಕೊಡಲಿಲ್ಲ. 1790ರಲ್ಲಿ ಆರಂಭವಾದ ಮೂರನೆಯ ಯುದ್ಧದಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಒಂದಾದರು. 1792ರಲ್ಲಿ ಟಿಪ್ಪುವು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿ, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಟ್ಟನು. ಏಳು ವರ್ಷಗಳ ಬಳಿಕ ಕೊನೆಯ ಯುದ್ಧ ಬಂತು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಬಾಣಗಳ ಮಳೆಗೂ ಕತ್ತಲೆಗೂ ಸಿಕ್ಕಿ ಕರ್ನಲ್ ವೆಲ್ಲೆಸ್ಲಿ ಹಿಂದೆಗೆಯಬೇಕಾಯಿತು. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಪ್ರಭು ಈತನೇ. ಆದರೆ ಮೇ 4ರಂದು ಕೋಟೆ ಬಿತ್ತು. ಟಿಪ್ಪುವು ಓಡಿಹೋಗದೆ ಕೋಟೆಯ ಬಾಗಿಲ ಬಳಿ ಕಾದಾಡುತ್ತ ಮಡಿದನು. ಕೋಟೆಯಲ್ಲಿ ಹಾರಲು ಸಿದ್ಧವಾದ 700 ಬಾಣಗಳೂ, ಮದ್ದು ತುಂಬದ 9,000 ಬಾಣಗಳೂ ಸಿಕ್ಕಿದುವೆಂದು ಲೆಕ್ಕವಿದೆ.

ಆತನ ಕಥೆ ಅಲ್ಲಿಗೆ ಮುಗಿಯಿತು. ಬಾಣದ ಕಥೆ ಮುಗಿಯಲಿಲ್ಲ. ಮಾದರಿಗಳು ಇಂಗ್ಲೆಂಡಿನ ವುಲ್ವಿಚ್ ಆಯುಧಾಗಾರಕ್ಕೆ ಹೋದುವು. ವಿಲಿಯಂ ಕಾಂಗ್ರೀವನು ಅದೇ ವಿಷಯವನ್ನು ಕೈಗೆತ್ತಿಕೊಂಡು ಪ್ರಯೋಗಗಳನ್ನು ಮಾಡಿದನು. ಅವನ ರಾಕೆಟ್ಟುಗಳು 1807ರಲ್ಲಿ ಕೋಪನ್‌ಹೇಗನ್ ನಗರವನ್ನು ಸುಟ್ಟುವು. 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಹಾರಿ ಅಮೆರಿಕನ್ನರ ರಾಷ್ಟ್ರಗೀತೆಯಲ್ಲಿಯೂ ಸ್ಥಾನ ಪಡೆದುವು. ಆಮೇಲೆ ವಿಲಿಯಂ ಹೇಲನು ಗಳದ ಬದಲು ರಾಕೆಟ್ಟನ್ನೇ ಬುಗುರಿಯಂತೆ ತಿರುಗಿಸಿ ದಿಕ್ಕು ಹಿಡಿಸಿದನು. ಆ ತಿರುಗುವ ರಾಕೆಟ್ಟನ್ನು ಬೆರಳಿನ ದಪ್ಪಕ್ಕೆ ಇಳಿಸಿದರೆ ಜೈರೋಜೆಟ್ ಪಿಸ್ತೂಲಿನ ಗುಂಡು. ಅಬ್ದುಲ್ ಕಲಾಮರು 1960ರ ದಶಕದಲ್ಲಿ ಅಮೆರಿಕದ ವಾಲಪ್ಸ್ ಉಡಾವಣಾ ಕೇಂದ್ರಕ್ಕೆ ಹೋದಾಗ, ಅಲ್ಲಿನ ಗೋಡೆಯ ಮೇಲೆ ಟಿಪ್ಪುವಿನ ಬಾಣಗಾರರ ಚಿತ್ರವನ್ನು ಕಂಡು ಬೆರಗಾದರು.

ನಮ್ಮಲ್ಲಿ ಹುಟ್ಟಿದ ವಿದ್ಯೆ ಅಲ್ಲಿ ಬೆಳೆದುದೇಕೆ? ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು ಈ ಪ್ರಶ್ನೆಯನ್ನು ಆಳವಾಗಿ ವಿಚಾರಿಸಿದವರು. ನನಗೆ ತಿಳಿದ ಮಟ್ಟಿಗೆ ಉತ್ತರ ಇಷ್ಟು: ಮೈಸೂರಿನಲ್ಲಿ ವಿದ್ಯೆ ಕಮ್ಮಾರನ ಕೈಯಲ್ಲಿತ್ತು, ಆ ಕೈಗೆ ಅನ್ನ ಹಾಕುತ್ತಿದ್ದವನು ಅರಸನೊಬ್ಬನೇ. ವುಲ್ವಿಚ್ಚಿನಲ್ಲಿ ಅದು ಅಳತೆ, ಲೆಕ್ಕ, ಪುಸ್ತಕಗಳಿಗೆ ಇಳಿಯಿತು. ಅರಸನು ಬಿದ್ದ ದಿನವೇ ಇಲ್ಲಿಯ ಕುಲುಮೆ ತಣ್ಣಗಾಯಿತು. ಅಲ್ಲಿ ಕಾಂಗ್ರೀವನು ಸತ್ತರೂ ಕಾಗದ ಉಳಿಯಿತು. ಟಿಪ್ಪುವಿನ ನಿಜವಾದ ಸೋಲು ಇದೆಂದು ನಾನು ಭಾವಿಸುತ್ತೇನೆ. ಕೋಟೆಗಳು ಎಲ್ಲ ಅರಸರ ಕೈಯಿಂದಲೂ ಹೋಗುತ್ತವೆ. ಬರೆದಿಟ್ಟ ವಿದ್ಯೆ ಹೋಗುವುದಿಲ್ಲ.

ಇಲ್ಲಿಂದ ಹೆಬ್ರಿಯ ದಾರಿಯಾಗಿ ಆಗುಂಬೆ ಘಟ್ಟ ಹತ್ತಿ ತೀರ್ಥಹಳ್ಳಿಯನ್ನು ದಾಟಿ ಹೋದರೆ ನಗರ ಸಿಗುತ್ತದೆ. 2018ರಲ್ಲಿ ಅಲ್ಲಿನ ಒಂದು ಪಾಳುಬಾವಿಯ ಕೆಸರಿನಿಂದ ಪುರಾತತ್ತ್ವ ಇಲಾಖೆಯವರು ಸಾವಿರಕ್ಕೂ ಮಿಕ್ಕಿ ಕಬ್ಬಿಣದ ಬಾಣಗಳನ್ನು ಮೇಲೆತ್ತಿದರು. ಇನ್ನೂರು ವರ್ಷಗಳ ತುಕ್ಕು ಹಿಡಿದಿದ್ದರೂ ಒಳಗೆ ಮದ್ದು ಹಾಗೆಯೇ ಇತ್ತು. ಕೆಸರು ತೆಗೆಯುವಾಗ ಮದ್ದಿನ ವಾಸನೆ ಬಂದುದರಿಂದಲೇ ಅಗೆಯುವವರಿಗೆ ಸುಳಿವು ದೊರೆಯಿತಂತೆ. ಚರಿತ್ರೆಯೂ ಹೀಗೆಯೇ. ಅದನ್ನು ಅಗೆಯುವವನಿಗೆ ಬೇಕಾದುದೂ ಬೇಡವಾದುದೂ ಒಂದೇ ಬುಟ್ಟಿಯಲ್ಲಿ ಬರುತ್ತದೆ. ಲೋಕವೇ ಕಲಿತ ಬಾಣವನ್ನು ಬೆಳೆಸಿದವನೂ, ಅತ್ತೂರಿನವರನ್ನು ಮನೆಯಿಂದ ಎಬ್ಬಿಸಿದವನೂ ಒಬ್ಬನೇ ಮನುಷ್ಯ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಅರ್ಧ ಮನುಷ್ಯನ ಚಿತ್ರ ಬರೆದಂತಾಗುತ್ತದೆ. ಎರಡನ್ನೂ ತಿಳಿದು, ಎರಡನ್ನೂ ಬರೆದಿಡುವುದು ವಿದ್ಯಾರ್ಥಿಗಳಾದ ನಮ್ಮ ಪಾಲಿನ ಕೆಲಸ.