ಸಿತಾರರತ್ನ ರಹಿಮತ್ ಖಾನ್

ಜಾಝ್ ಗಿಟಾರ್ ಕಲಿಯುವವರಿಗೆ ಸ್ಕೇಲ್ ಅಭ್ಯಾಸದ ಕಷ್ಟ ಗೊತ್ತು. ಒಂದೇ ಸ್ವರ ಹಲವು ಕಡೆ ಸಿಗುತ್ತದೆ. ಆರು ತಂತಿಗಳನ್ನು ದಾಟುತ್ತಾ ಫ್ರೆಟ್‌ಬೋರ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳು ದಾರಿ ಹುಡುಕಬೇಕು. ಕಾಮಾಕ್ಷಿಪಾಳ್ಯದ ನಮ್ಮ ಗಿಟಾರ್ ಗೆಳೆಯರು ತಿಳಿಯಬೇಕಾದ ಸಂಗತಿಯೊಂದಿದೆ. ಹೀಗೆ ತಂತಿಯಿಂದ ತಂತಿಗೆ ಇಳಿಯುವ ದಾರಿಯನ್ನು ಬಹಳ ಹಿಂದೆಯೇ ಸಿತಾರಿನಲ್ಲಿ ಹಿಡಿದ ಉಸ್ತಾದರೊಬ್ಬರು ನಮ್ಮ ಧಾರವಾಡದಲ್ಲಿ ನೆಲೆಸಿದ್ದರು.

ರಹಿಮತ್ ಖಾನರದು ಸಂಗೀತದ ಮನೆತನ. ಅದೇ ಹೆಸರಿನ ಗ್ವಾಲಿಯರ್ ಘರಾಣೆಯ ಗಾಯಕರೊಬ್ಬರೂ ಇದ್ದರು, ಅವರು ಬೇರೆ. ನಮ್ಮ ಖಾನರು ಕಲಿತದ್ದು ಹೆಸರಾಂತ ಬೀನ್‌ಕಾರ ಬಂದೇ ಅಲಿ ಖಾನರ ಬಳಿ. ಬೀನ್ ಎಂದರೆ ರುದ್ರವೀಣೆ. ತೀರಾ ಕೆಳಗಿನ ಸ್ವರಗಳಲ್ಲಿ ನಿಂತು, ಅವಸರವಿಲ್ಲದೆ ಆಲಾಪ ಬೆಳೆಸುವ ವಾದ್ಯ ಅದು. ಶಿಷ್ಯನ ಕೈಯಲ್ಲಿದ್ದದ್ದು ಮಾತ್ರ ಸಿತಾರ್.

ಇಲ್ಲಿಯೇ ತೊಡಕು. ಸಿತಾರಿನಲ್ಲಿ ಹೆಚ್ಚಿನ ಕೆಲಸವೆಲ್ಲ ಬಾಜ್ ಎಂಬ ಮುಖ್ಯ ತಂತಿಯ ಮೇಲೆ, ಉದ್ದಕ್ಕೆ ನಡೆಯುತ್ತದೆ. ಆ ತಂತಿಯನ್ನು ಮಂದ್ರ ಮಧ್ಯಮಕ್ಕೆ ಕೂಡಿಸಿರುತ್ತಾರೆ. ಅದರ ಕೆಳಗಿನ ಸ್ವರ ಆ ತಂತಿಯಲ್ಲಿ ಹುಟ್ಟುವುದೇ ಇಲ್ಲ. ಗುರುವಿನ ಆಲಾಪವೋ ಇನ್ನೂ ಕೆಳಗೆ ಇಳಿಯುವಂಥದ್ದು. ರಹಿಮತ್ ಖಾನರು ಸಿತಾರಿನ ತಂತಿಗಳ ಜೋಡಣೆಯನ್ನೇ ಬದಲಿಸಿ, ಖರಜದ ದಪ್ಪ ತಂತಿಗೆ ಕೆಲಸ ಕೊಟ್ಟು, ಅತಿಮಂದ್ರದ ತನಕ ದಾರಿ ಮಾಡಿದರು ಎಂದು ಸಂಗೀತಗಾರರು ನೆನೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಅವರ ಜೀವನದ ದೊಡ್ಡ ಕೆಲಸ ಇದೇ. ಬಿರುದುಗಳು ಆಮೇಲಿನ ಮಾತು.

ತಂತಿ ಕಟ್ಟಿದರೆ ಸಾಕೆ? ರಿಯಾಜ್ ಕೂಡ ಬದಲಾಗಬೇಕು. ಅಲಂಕಾರವೊಂದನ್ನು ಮೇಲಿನಿಂದ ಇಳಿಸುತ್ತಾ ಬಾಜ್ ತಂತಿ ಮುಗಿದಲ್ಲಿ ಜೋಡಿಗೆ, ಅಲ್ಲಿಂದ ಪಂಚಮಕ್ಕೆ, ಕೊನೆಗೆ ಖರಜಕ್ಕೆ ದಾಟಬೇಕು. ದಾಟಿದ್ದು ಕೇಳುವವರ ಕಿವಿಗೆ ತಿಳಿಯಬಾರದು. ಬಲಗೈ ಬೆರಳಿನ ಮಿಜರಾಬ್ ದಪ್ಪ ತಂತಿಯನ್ನು ಬೇರೆ ಹದದಲ್ಲಿ ಮೀಟಬೇಕು. ಗಿಟಾರಿನ ಫ್ರೆಟ್ ಕದಲುವುದಿಲ್ಲ. ಸಿತಾರಿನ ಇಪ್ಪತ್ತರಷ್ಟು ಮೆಟ್ಟಿಲುಗಳನ್ನು ದಾರದಿಂದ ಕಟ್ಟಿರುತ್ತಾರೆ, ರಾಗಕ್ಕೆ ತಕ್ಕಂತೆ ಕೆಲವನ್ನು ಸರಿಸಿಕೊಳ್ಳಬೇಕು. ಸಾಲದೆಂಬಂತೆ ಮೀಂಡ್ ಬೇರೆ! ತಂತಿಯನ್ನು ಅಡ್ಡಕ್ಕೆ ಎಳೆದು, ಮೆಟ್ಟಿಲಿಲ್ಲದ ಜಾಗದಲ್ಲೂ ಸ್ವರ ತೆಗೆಯಬೇಕು. ಅಲ್ಲಿ ಕಣ್ಣಿಗೆ ಗುರುತಿಲ್ಲ, ಕಿವಿಯೇ ಲೆಕ್ಕ ಇಡಬೇಕು.

ಮೈಸೂರು ಅರಮನೆ ಅವರಿಗೆ ಸಿತಾರರತ್ನ ಬಿರುದು ನೀಡಿತು. ಧಾರವಾಡ ಆಗ ಗಾಯಕರಿಗೆ ಹೆಸರಾಗುತ್ತಿದ್ದ ಊರು. ಅಲ್ಲಿ ಅವರು ಸಿತಾರಿನ ಪರಂಪರೆಯನ್ನು ಬೇರೂರಿಸಿದರು. ತಂತಿವಾದ್ಯವನ್ನು ಮನೆಯ ಮಕ್ಕಳಿಗೂ ಹೊರಗಿನವರಿಗೂ ಕಲಿಸಿದರು. 1954ರಲ್ಲಿ ತೀರಿಕೊಂಡರು.

ವಿದ್ಯೆ ಮಗ ಅಬ್ದುಲ್ ಕರೀಂ ಖಾನರಿಗೆ ಬಂತು (ಕಿರಾಣಾ ಘರಾಣೆಯ ಗಾಯಕರೆಂದು ತಪ್ಪು ತಿಳಿಯಬೇಡಿ, ಹೆಸರಷ್ಟೇ ಒಂದು). ಅವರಿಂದ ಮೊಮ್ಮಕ್ಕಳಿಗೆ ಹರಿಯಿತು. ಉಸ್ಮಾನ್ ಖಾನರು ಪುಣೆಯಲ್ಲಿ ನೆಲೆನಿಂತರು. 2007ರಲ್ಲಿ ನಮ್ಮನ್ನಗಲಿದ ಬಾಲೇಖಾನರನ್ನು ಕರ್ನಾಟಕದ ಕೇಳುಗರು ಚೆನ್ನಾಗಿ ಬಲ್ಲರು. ಅವರ ಆಲಾಪದ ಧ್ವನಿಮುದ್ರಣ ಸಿಕ್ಕರೆ ಇಯರ್‌ಫೋನ್ ಹಾಕಿಕೊಂಡು ಮೊದಲ ಐದು ನಿಮಿಷ ಕೇಳಿ, ಖರಜದ ತಂತಿ ಎಲ್ಲಿ ಬಂತೆಂದು ಗುರುತಿಸಲು ನೋಡಿ.