ಎಂಟು ಮೂಲೆಯ ಗುರುತಿನ ಹಿಂದೆ: ಸೆಸಿಲ್ ಕಿಂಬರ್

ಹಟ್ಟಿಕೇರಿ ಟೋಲ್ ಗೇಟ್‌ನಲ್ಲಿ ನಮ್ಮ ಬಸ್ ನಿಂತಾಗ ಪಕ್ಕದ ಸಾಲಿನ ಕಾರುಗಳನ್ನು ನೋಡುವುದು ನನ್ನ ಅಭ್ಯಾಸ. ಕೆಲವು ಕಾರುಗಳ ಮುಂದೆ ಎಂಟು ಮೂಲೆಯ ಗುರುತಿನೊಳಗೆ ಎಂ.ಜಿ. ಎಂಬ ಎರಡು ಅಕ್ಷರಗಳಿರುತ್ತವೆ. ಎಂ.ಜಿ. ಎಂದರೆ ಮಹಾತ್ಮ ಗಾಂಧಿ ಎಂದು ರಸ್ತೆಗಳ ಹೆಸರಿನಿಂದ ಕಲಿತವರು ನಾವು. ಈ ಎಂ.ಜಿ. ಬೇರೆ. ಇದು ಮಾರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಿನಲ್ಲಿ ವಿಲಿಯಂ ಮಾರಿಸ್ ಎಂಬ ದೊಡ್ಡ ಉದ್ಯಮಿಗೆ ಸೇರಿದ ಗ್ಯಾರೇಜ್. ಆದರೆ ಈ ಹೆಸರಿಗೆ ಬೆಲೆ ತಂದುಕೊಟ್ಟವರು ಮಾಲೀಕರಲ್ಲ, ಅವರ ಬಳಿ ಸಂಬಳಕ್ಕಿದ್ದ ಸೆಸಿಲ್ ಕಿಂಬರ್.

ಕಿಂಬರ್ ಹುಟ್ಟಿದ್ದು 1888ರ ಏಪ್ರಿಲ್ 12ರಂದು, ಲಂಡನ್ನಿನಲ್ಲಿ. ಅದೇ ವರ್ಷ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಮಗನ ಮೂರು ಚಕ್ರದ ಸೈಕಲ್ ಕುಲುಕದಿರಲಿ ಎಂದು ಅವರು ಮಾಡಿದ ಪ್ರಯೋಗವದು. ಕಾರು ಇಷ್ಟು ವೇಗವಾಗಿ ಓಡಲು ಮುಂದೆ ಆ ಟೈರೇ ಕಾರಣವಾಯಿತು.

ಕಿಂಬರ್ ಅವರ ತಂದೆಯದು ಮುದ್ರಣಕ್ಕೆ ಸಂಬಂಧಿಸಿದ ವ್ಯಾಪಾರ. ಮಗನಿಗೆ ಮೋಟಾರ್ ಸೈಕಲ್ ಹುಚ್ಚು. ಯೌವನದಲ್ಲೇ ಅಪಘಾತವಾಗಿ ಬಲಗಾಲಿಗೆ ದೊಡ್ಡ ಪೆಟ್ಟಾಯಿತು. ಜೀವನವಿಡೀ ಕುಂಟುತ್ತಲೇ ನಡೆದರು. ಪರಿಹಾರವಾಗಿ ಸಿಕ್ಕ ಹಣದಲ್ಲಿ ಅವರು ಕೊಂಡದ್ದು ಒಂದು ಕಾರು! 1914ರಲ್ಲಿ ತಂದೆಯ ವ್ಯಾಪಾರ ಬಿಟ್ಟು ಮೋಟಾರ್ ಕಂಪನಿಯ ಕೆಲಸಕ್ಕೆ ಸೇರಿದರು. ಮುಂದೆ ರಿಗ್ಲಿ ಎಂಬ ಕಂಪನಿಯಲ್ಲಿ ಕೆಲಸಕ್ಕಿದ್ದಾಗ ತಮ್ಮ ಹಣ ಹೂಡಿ ಕಳೆದುಕೊಂಡರು.

1921ರಲ್ಲಿ ಮಾರಿಸ್ ಗ್ಯಾರೇಜಸ್‌ಗೆ ಸೇಲ್ಸ್ ಮ್ಯಾನೇಜರ್ ಆಗಿ ಬಂದು, ಮರುವರ್ಷವೇ ಜನರಲ್ ಮ್ಯಾನೇಜರ್ ಆದರು. ಅವರ ಯೋಜನೆ ಸರಳವಾಗಿತ್ತು. ಮಾರಿಸ್ ಕಂಪನಿಯ ಸಾಧಾರಣ ಕಾರಿನ ಎಂಜಿನ್, ಚಾಸಿಗಳನ್ನೇ ತೆಗೆದುಕೊಂಡು ಸ್ವಲ್ಪ ಬದಲಿಸಿ, ಮೇಲೆ ಹಗುರವಾದ, ಅಂದವಾದ ಬಾಡಿ ಕೂರಿಸುವುದು. 1925ರಲ್ಲಿ ತಾವೇ ಕಟ್ಟಿಸಿದ ಕಾರನ್ನು ತಾವೇ ಓಡಿಸಿ ಲ್ಯಾಂಡ್ಸ್ ಎಂಡ್ ಸ್ಪರ್ಧೆಯಲ್ಲಿ ಚಿನ್ನದ ಪದಕ ಗೆದ್ದರು. 1929ರಲ್ಲಿ ಮಾರುಕಟ್ಟೆಗೆ ಬಂದ ಮಿಡ್ಜೆಟ್ ಕಾರಿನ ಬೆಲೆ 175 ಪೌಂಡ್. ಸ್ಪೋರ್ಟ್ಸ್ ಕಾರು ಶ್ರೀಮಂತರಿಗೆ ಮಾತ್ರ ಎಂಬ ಮಾತು ಅಲ್ಲಿಗೆ ಮುಗಿಯಿತು. ಕಾರ್ಖಾನೆ ಹತ್ತಿರದ ಆಬಿಂಗ್ಡನ್ ಊರಿಗೆ ಹೋಯಿತು. 1933ರಲ್ಲಿ ಇಟಲಿಯ ಸಾವಿರ ಮೈಲಿ ಸ್ಪರ್ಧೆಯಲ್ಲಿ ಎಂ.ಜಿ. ತಂಡಕ್ಕೆ ಬಹುಮಾನ ಬಂತು. ಅದೇ ವರ್ಷ, ಡನ್‌ಲಪ್ ಟೈರು ಹುಟ್ಟಿದ ಬೆಲ್‌ಫಾಸ್ಟ್ ಸಮೀಪವೇ ನಡೆದ ರೇಸನ್ನು ಪ್ರಸಿದ್ಧ ಚಾಲಕ ನುವೊಲಾರಿ ಎಂ.ಜಿ. ಕಾರಿನಲ್ಲಿ ಗೆದ್ದರು.

ಆದರೆ ಕಿಂಬರ್ ಮಾಲೀಕರಾಗಿರಲಿಲ್ಲ. 1935ರಲ್ಲಿ ವಿಲಿಯಂ ಮಾರಿಸ್ ಎಂ.ಜಿ.ಯನ್ನು ತಮ್ಮ ದೊಡ್ಡ ಕಂಪನಿಗೆ ಸೇರಿಸಿದರು. ರೇಸಿಂಗ್ ವಿಭಾಗ ಮುಚ್ಚಿತು. ಎರಡನೇ ಮಹಾಯುದ್ಧ ಬಂದಾಗ ಕಾರು ತಯಾರಿಕೆಯೂ ನಿಂತಿತು. ಕೆಲಸಗಾರರ ಕೈ ಖಾಲಿ. ಕಿಂಬರ್ ಓಡಾಡಿ ಒಂದು ಯುದ್ಧವಿಮಾನದ ಮುಂಭಾಗ ಮಾಡುವ ಕೆಲಸ ತಂದರು. ಮೇಲಿನವರ ಒಪ್ಪಿಗೆ ಕೇಳಿರಲಿಲ್ಲ. 1941ರಲ್ಲಿ ಅವರನ್ನು ಕೆಲಸದಿಂದ ತೆಗೆದರು. 20 ವರ್ಷ ಕಟ್ಟಿದ ಹೆಸರು ಅಲ್ಲೇ ಉಳಿಯಿತು, ಕಟ್ಟಿದವರು ಹೊರಗೆ ಬಂದರು.

1945ರ ಫೆಬ್ರವರಿ 4ರ ಸಂಜೆ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಹೊರಟ ರೈಲಿನಲ್ಲಿ ಅವರಿದ್ದರು. ಸುರಂಗದ ಏರಿನಲ್ಲಿ ಎಂಜಿನ್ನಿನ ಚಕ್ರ ಜಾರಿ ರೈಲು ಹಿಂದಕ್ಕೆ ಉರುಳಿತು. ಆ ಅಪಘಾತದಲ್ಲಿ ಸತ್ತವರು ಇಬ್ಬರೇ. ಅವರಲ್ಲಿ ಕಿಂಬರ್ ಒಬ್ಬರು. ಆಗ ಅವರಿಗೆ 56 ವರ್ಷ.

ಅದೇ ವರ್ಷ ಯುದ್ಧ ಮುಗಿದು ಎಂ.ಜಿ. ಟಿ.ಸಿ. ಕಾರು ಹೊರಬಂತು. ಟೈರ್ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಅಬ್ಬಾಗೆ ಅದರ ಟೈರಿನ ಅಳತೆ 4.50-19 ಎಂದು ಹೇಳಿದೆ. ಅಬ್ಬಾ ನಂಬಲಿಲ್ಲ. ಟೈರಿನ ಅಗಲ ನಾಲ್ಕೂವರೆ ಇಂಚು, ರಿಮ್ 19 ಇಂಚು, ಹಾಗಾದರೆ ಅದು ಬುಲೆಟ್ ಬೈಕಿನ ಮುಂದಿನ ಚಕ್ರದ ಹಾಗಾಯಿತಲ್ಲ ಎಂದರು. ನಿಜ. ತಂತಿ ಕಡ್ಡಿಗಳ ಅಂಥ ತೆಳು ಚಕ್ರಗಳ ಮೇಲೆ ಸುಮಾರು 10,000 ಕಾರುಗಳು ತಯಾರಾದವು. ಸಮುದ್ರ ದಾಟಿ ಅಮೆರಿಕದವರೂ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಮನಸೋತರು. ಅದನ್ನು ನೋಡಲು ಕಿಂಬರ್ ಇರಲಿಲ್ಲ.

ಆಬಿಂಗ್ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಈಗ ಎಂ.ಜಿ. ಹೆಸರು ಚೀನಾದ ಕಂಪನಿಯೊಂದರ ಕೈಯಲ್ಲಿದೆ. ನಮ್ಮ ದೇಶದಲ್ಲಿ ಆ ಕಾರುಗಳು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತವೆ.

ಅಕೌಂಟೆನ್ಸಿಯಲ್ಲಿ ನಾವು ಗುಡ್‌ವಿಲ್ ಲೆಕ್ಕ ಮಾಡುತ್ತೇವೆ. ಹೆಸರಿಗೂ ಬೆಲೆಯಿದೆ, ಅದನ್ನು ಆಸ್ತಿಯ ಕಡೆ ಬರೆಯಬೇಕು ಎಂದು ಕಲಿತಿದ್ದೇವೆ. ಆ ಹೆಸರನ್ನು ಗಳಿಸಿಕೊಟ್ಟವರು ಯಾರು ಎಂದು ಬರೆಯಲು ಬ್ಯಾಲೆನ್ಸ್ ಶೀಟ್‌ನಲ್ಲಿ ಜಾಗವಿಲ್ಲ. ಡನ್‌ಲಪ್ ಅವರ ಹೆಸರು ಟೈರಿನ ಮೇಲಾದರೂ ಉಳಿಯಿತು. ಕಿಂಬರ್ ಅವರ ಹೆಸರು ಕಾರಿನ ಮೇಲೂ ಇಲ್ಲ. ಮುಂದಿನ ಸಲ ಟೋಲ್ ಗೇಟ್‌ನಲ್ಲಿ ಆ ಎಂಟು ಮೂಲೆಯ ಗುರುತು ಕಂಡರೆ, ಕುಂಟುತ್ತ ನಡೆದು ಅಷ್ಟು ವೇಗದ ಕಾರುಗಳನ್ನು ಮಾಡಿಸಿದ ಆ ಮನುಷ್ಯರನ್ನು ಒಮ್ಮೆ ನೆನೆಯೋಣ.