ರೋಲ್ಫ್ ಸೀವರ್ಟ್

ರೋಲ್ಫ್ ಮ್ಯಾಕ್ಸಿಮಿಲಿಯನ್ ಸೀವರ್ಟ್ (6 ಮೇ 1896 – 3 ಅಕ್ಟೋಬರ್ 1966) ಸ್ವೀಡನ್ ದೇಶದ ವೈದ್ಯಕೀಯ ಭೌತವಿಜ್ಞಾನಿ. ಸ್ಟಾಕ್‌ಹೋಮ್‌ನಲ್ಲಿ ಜನಿಸಿದ ಇವರು 1924ರಿಂದ 1937ರವರೆಗೆ ಅಲ್ಲಿನ ರೇಡಿಯಂಹೆಮ್ಮೆಟ್ ಕ್ಯಾನ್ಸರ್ ಚಿಕಿತ್ಸಾಲಯದ ಭೌತಶಾಸ್ತ್ರ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದರು.

ಕ್ಷ-ಕಿರಣ ಚಿಕಿತ್ಸೆಯ ಆರಂಭದ ದಶಕಗಳಲ್ಲಿ ರೋಗಿಗೆ ಎಷ್ಟು ವಿಕಿರಣ ತಗುಲಿತೆಂಬುದನ್ನು ಚರ್ಮ ಕೆಂಪೇರಿದುದನ್ನು ನೋಡಿ ಅಂದಾಜಿಸುತ್ತಿದ್ದರು. ಅಂದಾಜು ತಪ್ಪಿದರೆ ಚರ್ಮ ಸುಡುತ್ತಿತ್ತು. ದಿನವೂ ಕಿರಣಗಳ ನಡುವೆ ದುಡಿದ ವೈದ್ಯರು, ದಾದಿಯರಲ್ಲಿ ಹಲವರು ಬೆರಳುಗಳನ್ನೂ ಕೆಲವರು ಪ್ರಾಣವನ್ನೂ ಕಳೆದುಕೊಂಡರು. ಸೀವರ್ಟ್ ಅವರು ರೂಪಿಸಿದ ಪುಟ್ಟ ಅಯಾನೀಕರಣ ಕೋಶವು ಈ ಅಂದಾಜಿನ ಸ್ಥಾನದಲ್ಲಿ ಅಳತೆಯನ್ನು ತಂದಿತು. ಕೋಶಕ್ಕೆ ವಿದ್ಯುದಾವೇಶ ನೀಡಿ ಕಿರಣದ ಹಾದಿಯಲ್ಲಿರಿಸಿದರೆ ಒಳಗಿನ ಗಾಳಿ ಅಯಾನೀಕರಣಗೊಂಡು ಆವೇಶ ಕುಗ್ಗುತ್ತದೆ. ಕುಗ್ಗಿದಷ್ಟೂ ವಿಕಿರಣದ ಪ್ರಮಾಣ ಹೆಚ್ಚು.

1928ರಲ್ಲಿ ಸ್ಟಾಕ್‌ಹೋಮ್‌ನಲ್ಲೇ ಆರಂಭವಾದ ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಸಮಿತಿಯ ಸ್ಥಾಪಕ ಸದಸ್ಯರಲ್ಲಿ ಇವರೂ ಒಬ್ಬರು. ಮುಂದೆ ಅದರ ಅಧ್ಯಕ್ಷರಾದರು.

ನಿಧನಾನಂತರ, 1979ರಲ್ಲಿ, ವಿಕಿರಣದ ಜೈವಿಕ ಪರಿಣಾಮವನ್ನು ಸೂಚಿಸುವ ಏಕಮಾನಕ್ಕೆ ಇವರ ಹೆಸರನ್ನಿಡಲಾಯಿತು. ಇದನ್ನು ಗ್ರೇ ಏಕಮಾನದೊಂದಿಗೆ ಗೊಂದಲ ಮಾಡಿಕೊಳ್ಳುವುದುಂಟು. ಒಂದು ಕಿಲೋಗ್ರಾಂ ಅಂಗಾಂಶ ಹೀರಿಕೊಂಡ ಒಂದು ಜೂಲ್ ಶಕ್ತಿಯೇ ಒಂದು ಗ್ರೇ. ಆದರೆ ಅಷ್ಟೇ ಶಕ್ತಿಯ ಆಲ್ಫಾ ಕಣಗಳು ಗ್ಯಾಮಾ ಕಿರಣಗಳಿಗಿಂತ ಬಹಳ ಹೆಚ್ಚು ಹಾನಿಯೆಸಗುವುದರಿಂದ ಅವುಗಳ ಗ್ರೇ ಮೌಲ್ಯವನ್ನು 20ರಿಂದ ಗುಣಿಸಿ ಸೀವರ್ಟ್‌ಗೆ ಪರಿವರ್ತಿಸುತ್ತಾರೆ. ಒಂದು ಸೀವರ್ಟ್ ಬಹುದೊಡ್ಡ ಪ್ರಮಾಣವಾದ್ದರಿಂದ ರೂಢಿಯಲ್ಲಿರುವುದು ಅದರ ಸಾವಿರದೊಂದು ಭಾಗವಾದ ಮಿಲಿಸೀವರ್ಟ್.